ಕರೆಯದೆ ಬಂದ ಆಂಬುಲೆನ್ಸ್

ಕರೆಯದೆ ಬಂದ ಆಂಬುಲೆನ್ಸನ್ನು ಯಾರು ತಾನೆ ನಂಬುತ್ತಾರೆ? ಸದ್ದಿಲ್ಲದೆ ಬಂದು ನಮ್ಮ ಗೇಟಿನ ಮುಂದೆ ನಿಂತಿತು. ಎದುರುಮನೆಯ ಟೈಲರಮ್ಮ ಆಗಲೇ ಕತ್ತರಿ ಕೆಳಗಿಟ್ಟು ಕಿಟಕಿಗೆ ಬಂದಾಗಿತ್ತು.

ಇಳಿದವಳು ನರ್ಸ್. ಹಿಂದಿನ ಎರಡು ಸಲವೂ, ಮಂಚದ ಪಕ್ಕ ಬಿದ್ದಿದ್ದ ನಮ್ಮತ್ತೆಯನ್ನು ಎತ್ತಿದವಳು ಇವಳೇ.

"ಯಾರೂ ಫೋನ್ ಮಾಡಿಲ್ವಲ್ಲ?" ಅಂದೆ, ಬಾಗಿಲಿಗೆ ಅಡ್ಡ ನಿಂತು.

"ಒಂದೇ ಮನೇಲಿ ಮತ್ತೆ ಮತ್ತೆ ಬಿದ್ರೆ, ಬಿಡುವಿದ್ದಾಗ ಬಂದು ನೋಡ್ತೀವಿ ಅಕ್ಕ. ಇಷ್ಟು ದಿನ ಬರೀ ತರಚು ಗಾಯ. ಮುಂದಿನ ಸಲ ಸೊಂಟ ಮುರೀಬಹುದು."

ಸಿಹಿ ಮಾತು! ಇದು ಯಾರ ಕೈವಾಡ ಅಂತ ನನಗೆ ಗೊತ್ತಿಲ್ಲವೇ? ಹೋದ ವಾರವೇ ನಾದಿನಿ ಫೋನಿನಲ್ಲಿ ಗುಡುಗಿದ್ದಳು: "ಅಮ್ಮ ಸುಮ್ಸುಮ್ನೆ ಬೀಳಲ್ಲ. ಇನ್ನೊಂದು ಸಲ ಬಿದ್ರೆ ಪೊಲೀಸರ ಹತ್ರ ಹೋಗ್ತೀನಿ." ಸೊಸೆಯೇ ತಳ್ಳಿದಳೆಂದು ಬೀದಿಯವರು ಬಾಯಿಬಿಟ್ಟು ಹೇಳದಿದ್ದರೂ ಅವರ ಮುಖ ಹೇಳುತ್ತಿತ್ತು. ಅತ್ತೆಯಾದರೂ ಬಾಯಿ ಬಿಡಬಹುದಿತ್ತು. ಹೇಗೆ ಬಿದ್ದಿರಿ ಎಂದು ಕೇಳಿದರೆ "ಬಿದ್ದೆ, ಅಷ್ಟೇ" ಅನ್ನುತ್ತಿದ್ದರು.

ನರ್ಸ್ ಒಳಗೆ ಬಂದಳು. ನಾನು ನೆರಳಿನ ಹಾಗೆ ಬೆನ್ನಿಗೆ ಬಿದ್ದೆ. ಬಚ್ಚಲಿನ ನೆಲವನ್ನು ಅಂಗೈಯಿಂದ ಉಜ್ಜಿ ನೋಡಿದಳು. ದೀಪ ಹಾಕಿ ಆರಿಸಿದಳು. ಚಾಪೆಯ ಅಂಚನ್ನು ಎತ್ತಿದಳು. ಎಲ್ಲ ಸರಿಯಿತ್ತು, ಇರದೆ ಏನು, ತಿಕ್ಕಿ ತಿಕ್ಕಿ ನಾನೇ ಸವೆದುಹೋಗಿದ್ದೇನೆ. ಆದರೆ ಎಲ್ಲ ಸರಿಯಿರುವುದೇ ನನಗೆ ಮುಳುವಾದೀತು ಅನ್ನಿಸಿತು. ನೆಲ ಬೀಳಿಸದಿದ್ದರೆ ಬೀಳಿಸಿದ್ದು ಯಾರು?

ಆಗ ಕೇಳಿದಳು: "ಮನೇಲಿ ಗಂಡಸರು ಯಾರಿದ್ದಾರೆ?"

ಮೈ ಉರಿದುಹೋಯಿತು. "ಮಾವ ತೀರ್ಕೊಂಡ್ರು. ನನ್ನ ಗಂಡ ಹಡಗಿನಲ್ಲಿದ್ದಾರೆ. ಯಾಕೆ, ಇದನ್ನೂ ಕೇಳ್ಕೊಂಡು ಬಾ ಅಂದ್ಲಾ ನಾದಿನಿ?"

"ನಿಮ್ಮ ನಾದಿನಿ ಯಾರೋ ನಂಗೊತ್ತಿಲ್ಲ. ಬಿದ್ದೋರನ್ನ ಎತ್ತೋ ಮೊದಲು ನಾವು ಕಾಲು ನೋಡ್ತೀವಿ. ಎರಡು ಸಲಾನೂ ಅಜ್ಜಿ ಪಕ್ಕ ಗಂಡಸರ ಚಪ್ಪಲಿ ಬಿದ್ದಿತ್ತು. ಸ್ಟ್ರೆಚರ್ ತರೋಷ್ಟರಲ್ಲಿ ಮಾಯ."

ಮಂಚದ ಮೇಲಿದ್ದ ಅತ್ತೆ ಹೊದಿಕೆ ಎಳೆದುಕೊಂಡರು. ನರ್ಸ್ ಮಂಡಿಯೂರಿ ಮಂಚದಡಿ ಕೈಹಾಕಿದಳು. ಹೊರಗೆ ಬಂದದ್ದು ಮಾವನ ಮನೆಚಪ್ಪಲಿ. ಅತ್ತೆಯ ಎರಡು ಪಾದ ಒಂದರಲ್ಲೇ ಹಿಡಿಸುತ್ತಿತ್ತು, ತಳ ಸವೆದು ನುಣ್ಣಗಾಗಿತ್ತು.

"ನೀನು ಹಿತ್ತಲಲ್ಲಿದ್ದಾಗ ಹಾಕ್ಕೋತೀನಿ," ಅಂದರು ಅತ್ತೆ. "ನಡೆದ್ರೆ ಅವರು ಓಡಾಡಿದ ಸದ್ದೇ ಬರುತ್ತೆ."

ಸಿಟ್ಟೂ ಬಂತು, ಅಳುವೂ ಬಂತು. "ಊರೆಲ್ಲ ನನ್ನ ಮೇಲೆ ಗೂಬೆ ಕೂರಿಸ್ತಿದ್ರೂ ಹೇಳ್ಲಿಲ್ವಲ್ಲ ಅತ್ತೆ!"

"ಹೇಳಿದ್ರೆ ನೀನು ಎಸೀತಿದ್ದೆ. ಅವರ ಸ್ವೆಟರ್ ಎಸೆದ ಹಾಗೆ."

ಆ ಸ್ವೆಟರಿಗೆ ಹುಳು ಹಿಡಿದಿತ್ತು ಅನ್ನಲು ಹೊರಟೆ. ಅದರ ಬದಲು ಅತ್ತೆಯ ಹೊದಿಕೆ ಸರಿಮಾಡಿದೆ.

"ಅಜ್ಜಿಗೆ ಹಿಂದೆ ಪಟ್ಟಿ ಇರೋ, ಕಾಲಿಗೆ ಸರಿಯಾದ ಚಪ್ಪಲಿ ತನ್ನಿ," ಅಂದಳು ನರ್ಸ್, ಹೊರಡುತ್ತಾ. "ಇದನ್ನ ಎಸೀಬೇಡಿ. ಅವರ ಕಾಲಿಗೆ ಮಾತ್ರ ಬೇಡ."

ಆಂಬುಲೆನ್ಸ್ ಹೋಯಿತು. ನಾನು ಚಪ್ಪಲಿ ಎತ್ತಿಕೊಂಡೆ. ಅತ್ತೆಯ ಕಣ್ಣು ನನ್ನ ಕೈಯಿಂದ ಕದಲಲಿಲ್ಲ. ಅದನ್ನು ನೆಲಕ್ಕಿಟ್ಟು, ನಾನೇ ಕಾಲು ತೂರಿಸಿ, ಹಜಾರದ ತುದಿಯವರೆಗೂ ನಡೆದೆ.

ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಕಾಲು ಇನ್ನೂ ಸ್ವಲ್ಪ ಎಳೆದು ಹಾಕು," ಅಂದರು. "ಅವರು ಅಷ್ಟು ಬೇಗ ನಡೀತಿರ್ಲಿಲ್ಲ."