ಟೊಮ್ಮಾ ಉಲ್ಫರ್ಟ್ಸ್, ವಯಸ್ಸು ಹದಿನೇಳು

ಕಂಪ್ಯೂಟರ್ ಪರದೆಯ ಗಾಜಿನ ಮೇಲೆ ಯಾರದೋ ಬೆರಳಿನ ಬೆಣ್ಣೆಜಿಡ್ಡು, ಒರೆಸಿದರೆ ಇನ್ನಷ್ಟು ಹರಡಿತು, ಅದರಡಿಯಲ್ಲಿ ಅಮ್ಮನ ಹೆಸರು — ಟೊಮ್ಮಾ ಉಲ್ಫರ್ಟ್ಸ್, ಮನೆಗೆಲಸದವಳು, ವಯಸ್ಸು ಹದಿನೇಳು, ಬ್ರೆಮರ್‌ಹಾಫೆನ್‌ನಿಂದ ನ್ಯೂಯಾರ್ಕಿಗೆ, 1926 — ತಮಾಷೆಗೆಂದು ಆ ಹೆಸರು ಒತ್ತಿ ಹುಡುಕಿದ್ದಳು ವೀಬ್ಕೆ, ದೇಶ ಬಿಟ್ಟು ಹೋದವರ ಮ್ಯೂಸಿಯಮ್ಮಿಗೆ ಬಂದವರೆಲ್ಲ ಒತ್ತುತ್ತಾರಲ್ಲ ಹಾಗೆ, ಆದರೆ ಅಮ್ಮ ಹುಟ್ಟಿದ್ದೇ ಮರುವರ್ಷ, ಅಗೋ ಬೆಂಚಿನ ಮೇಲೆ ಎಂಬತ್ತು ವರ್ಷದ ಕಾಲು ಚಾಚಿ ಕೂತಿದ್ದಾಳೆ, ಹಾಗಾದರೆ ಇವಳು ಅಮ್ಮನ ಆ ಅಕ್ಕ, ಜ್ವರದಲ್ಲಿ ಸತ್ತಳೆಂದು ಅಜ್ಜ ಹೇಳುತ್ತಿದ್ದ ದೊಡ್ಡಮ್ಮ, ಸತ್ತವಳು ಹಡಗು ಹತ್ತಿದ್ದು ಹೇಗೆ, ಕೆಳಗೆ ಇನ್ನೊಂದು ಸಾಲು, ಜೊತೆಯಲ್ಲಿ ಗಂಡುಮಗು, ನಾಲ್ಕು ತಿಂಗಳು, ತಂದೆಯ ಹೆಸರಿಲ್ಲ, ಓಹೋ, ಹಾಗೋ ವಿಷಯ, ನಮ್ಮ ಕಡೆ ಸತ್ತ ಮಗುವಿನ ಹೆಸರನ್ನು ಮುಂದೆ ಹುಟ್ಟಿದ್ದಕ್ಕೆ ಇಡುತ್ತಾರೆ, ಹೆಸರಾದರೂ ಮನೆಯಲ್ಲಿ ಉಳಿಯಲಿ ಎಂದು, ಬದುಕಿರುವವರ ಹೆಸರನ್ನು ಯಾರೂ ಮುಟ್ಟುವುದಿಲ್ಲ, ಅಜ್ಜ ಮುಟ್ಟಿದ, ಊರ ಬಾಯಿ ಮುಚ್ಚಿಸಲು ಮುಟ್ಟಿದ, ಚರ್ಚಿನಲ್ಲಿ ಮುಂದಿನ ಸಾಲಿನ ದೊಡ್ಡ ಮನುಷ್ಯ, ಥೂ, ಅಮ್ಮ ಪಾಪ ಪ್ರತಿ ಹುಟ್ಟುಹಬ್ಬಕ್ಕೂ ಇನ್ನೊಂದು ಕಪ್ ಚಹಾ ಬಗ್ಗಿಸಿಡುತ್ತಾಳೆ, ಸತ್ತೋದೋಳ ಆಯಸ್ಸನ್ನೂ ನಾನೇ ತಿಂತಿದೀನಿ ಕಣೇ, ಅವಳಿಗೊಂದು ಗುಟುಕು ಇರ್ಲಿ ಅಂತ — ಅಮ್ಮನಿಗೆ ಹೇಗೆ ಹೇಳುವುದು, ಈ ವಯಸ್ಸಿನಲ್ಲಿ ಹೆಸರನ್ನೇ ಕಿತ್ತುಕೊಂಡ ಹಾಗಾಗುತ್ತದೆ, ಹೇಳುವುದೇ ಬೇಡ, ಏನೇ ವೀಬ್ಕೆ, ಆಗ್ಲಿಂದ ಗಾಜು ಒರೆಸ್ತಾನೇ ಇದೀಯಲ್ಲ, ಇಲ್ಲೇ ಕೆಲಸಕ್ಕೆ ಸೇರ್ಕೊಂಡ್ಯಾ, ಎದ್ದಳು ಅಮ್ಮ, ಕೋಲು ಟಕ್ ಟಕ್, ಅಳಿಸಿಬಿಡಬೇಕು, ಬೆರಳು ಏಳುತ್ತಿಲ್ಲ, ಸರಿ ಆ ಕಡೆ, ಕನ್ನಡಕ ಕೊಡು, ಓದಿದಳು, ಇನ್ನೊಂದು ಸಲ ಓದಿದಳು, ಮಗೂನೂ ಇತ್ತಾ, ಎಂದಳು, ಅಳಲಿಲ್ಲ, ನಿಂಗೆ ಗೊತ್ತಿತ್ತಾ ಅಮ್ಮ, ಎಲ್ಲಿ ಗೊತ್ತಿತ್ತು, ಈಗ ಗೊತ್ತಾಯ್ತು, ನಮ್ಮಮ್ಮ ನನ್ನ ಒಂದಿನಾನೂ ಹೆಸರು ಹಿಡಿದು ಕರೀಲಿಲ್ಲ, ಪುಟ್ಟಿ ಪುಟ್ಟಿ ಅನ್ನೋಳು, ಆದ್ರೆ ಹಡಗು ಹೋಗೋದು ಕಂಡ್ರೆ ಸಾಕು, ಸಮುದ್ರದ ಏರಿ ಮೇಲೆ ನಿಂತು ಟೊಮ್ಮಾ ಅಂತ ಕೂಗೋಳು, ನಾಲ್ಕು ವರ್ಷದೋಳು ನಾನು ಓಡೋಗಿ ಲಂಗ ಜಗ್ಗಿ ಇಲ್ಲೇ ಇದೀನಮ್ಮಾ ಅಂತಿದ್ದೆ, ತಿರುಗಿ ನೋಡ್ತಿರ್ಲಿಲ್ಲ — ಏರಿ, ಗಾಳಿ, ನಾಲ್ಕು ವರ್ಷದ ಹುಡುಗಿ, ನೀರಿನ ಕಡೆ ಹೋಗುತ್ತಿರುವ ಕೂಗು, ಟೊಮ್ಮಾ, ಇಲ್ಲೇ ಇದೀನಮ್ಮಾ, ಟೊಮ್ಮಾ, ಇಲ್ಲೇ ಇದೀನಮ್ಮಾ