ಕೆಂಪಿಗೆ ಅಮ್ಮ ಆಗೈತೆ

ಕಣಕಟ್ಟೆಯಿಂದಾಚೆ, ತೆಂಗಿನ ತೋಟಗಳು ಮುಗಿದು ರಾಗಿ ಹೊಲ ಶುರುವಾಗುವಲ್ಲಿ ದೇವೀರಪ್ಪನವರ ಟ್ರಸ್ಟಿನ ಮಂಗಗಳ ಬೋನು. ಎಳನೀರು ಕಿತ್ತು ಬಿಸಾಡುತ್ತವೆಂದು ತೋಟದವರು ಹಿಡಿಸಿ ತಂದು ಬಿಟ್ಟವೇ ಎಲ್ಲ. ಅವಕ್ಕೆ ಹಣ್ಣು ಹೆಚ್ಚಿ, ನೀರಿಟ್ಟು, ಕಸ ಬಳಿಯುವವಳು ಹನುಮಕ್ಕ. ಎಲ್ಲವೂ ತನಗೆ ಒಂದೇ ಎಂದು ಬಾಯಲ್ಲಿ ಹೇಳಿದರೂ ಕೆಂಪಿಯ ಮೇಲೆ ಅವಳಿಗೆ ಒಂದು ತೂಕ ಹೆಚ್ಚು. ಕರೆಂಟಿನ ತಂತಿ ತಗುಲಿ ತಾಯಿ ಸತ್ತಾಗ, ಆ ಕೆಂಪು ಮೋರೆಯ ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಬತ್ತಿಯಲ್ಲಿ ಹಾಲು ಹೀರಿಸಿ ಉಳಿಸಿಕೊಂಡಿದ್ದಳು. ಈಗ ಅದು ಮೈತುಂಬಿದ ಹೆಣ್ಣು.

ಅವತ್ತು ಬೆಳಿಗ್ಗೆ ಕರೆದರೂ ಕೆಂಪಿ ಸರಳಿನ ಹತ್ತಿರ ಬರಲಿಲ್ಲ. ಮೋರೆಯ ಮೇಲೆ, ಅಂಗೈಯಲ್ಲಿ ಮುತ್ತಿನಂಥ ಗುಳ್ಳೆ. ಹನುಮಕ್ಕ ಕೈಮುಗಿದಳು. ಅವಳ ಮನೆಯಲ್ಲಿ ಯಾರೂ ಇದನ್ನು ರೋಗವೆಂದು ಕರೆದವರಲ್ಲ. ಅಮ್ಮ ಬರುತ್ತಾಳೆ, ತಂಪು ಮಾಡಿದರೆ ಹೋಗುತ್ತಾಳೆ. ಅಮ್ಮ ಬಂದವರನ್ನು ಬೇರೆ ಕೋಣೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮಲಗಿಸುವುದು ವಾಡಿಕೆ. ಪಕ್ಕದ ಬೋನು ಖಾಲಿಯಿತ್ತು. ಆದರೆ ಡಾಕ್ಟರನ್ನು ಕೇಳದೆ ಮಂಗವನ್ನು ಕದಲಿಸುವಂತಿರಲಿಲ್ಲ. ಅರಸೀಕೆರೆಗೆ ಫೋನು ಮಾಡಿದಳು.

"ಸಾರ್, ಕೆಂಪಿಗೆ ಅಮ್ಮ ಆಗೈತೆ."

ಡಾಕ್ಟರು ಶರತ್ ಕಾರವಾರದ ಕಡೆಯವನು. ಬಂದು ತಿಂಗಳಾಗಿರಲಿಲ್ಲ, ಈ ಸೀಮೆಯ ಮಾತು ಇನ್ನೂ ಕಿವಿಗೆ ಹತ್ತಿರಲಿಲ್ಲ.

"ಓ, ಅಮ್ಮ ಆದಳಾ? ಒಳ್ಳೇದಾಯ್ತು. ಕಾಯಿಲೆ ಗೀಯಿಲೆ ಏನಿಲ್ಲ ತಾನೆ?"

ಹನುಮಕ್ಕ ನಾಲಿಗೆ ಕಚ್ಚಿಕೊಂಡಳು. "ಬಿಡ್ತು ಅನ್ನಿ ಸಾರ್. ಕಾಯಿಲೆ ಅಲ್ಲ ಇದು. ಬ್ಯಾರೆ ಬೋನಿಗೆ ಹಾಕ್ಲಾ?"

"ಬೇಡ ಬೇಡ, ಒಂಟಿಯಾದ್ರೆ ಹೆದರ್ತಾಳೆ. ಗುಂಪಲ್ಲೇ ಇರ್ಲಿ, ಬೇರೆ ಹೆಣ್ಣುಗಳು ನೋಡ್ಕೊಳ್ತವೆ. ಚೆನ್ನಾಗಿ ತಿನ್ನೋಕೆ ಕೊಡಿ."

ಓದಿದವನಾದರೂ ಅಮ್ಮನ ಮರ್ಯಾದೆ ಬಲ್ಲವನು ಎಂದು ಅವಳ ಜೀವ ತಣ್ಣಗಾಯಿತು. ಸರಳಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಮೊಸರನ್ನ ಕಲೆಸಿಟ್ಟಳು. ಕೆಂಪಿ ಬಿಟ್ಟದ್ದನ್ನು ಉಳಿದವು ತಿಂದವು. ಅದರ ಮೈ ಹೆಕ್ಕಿದವು, ಹುಣ್ಣು ಕೆದಕಿದವು, ರಾತ್ರಿ ಅದಕ್ಕೇ ಒತ್ತಿಕೊಂಡು ಮಲಗಿದವು.

ಮುಂದಿನ ವಾರ ಶರತ್ ಬಂದಾಗ ದೇವೀರಪ್ಪನವರೂ ಜೊತೆಗಿದ್ದರು.

"ಎಲ್ಲಮ್ಮಾ ಮರಿ?" ಎಂದ ಶರತ್.

"ಯಾವ ಮರಿ ಸಾರ್?"

ಅವನು ಬೋನಿನೊಳಗೆ ಇಣುಕಿದ. ಗುಳ್ಳೆಯಿಲ್ಲದ ಮೋರೆ ಹುಡುಕಬೇಕಾಗಿತ್ತು. ಕೆಂಪಿ ಮೂಲೆಯಲ್ಲಿ ಕಣ್ಣು ತೆರೆಯಲಾರದೆ ಬಿದ್ದಿತ್ತು. ಶರತ್ ಜೇಬಿನಿಂದ ಕೈಗವಸು ತೆಗೆದ.

"ಇದು ಸಿಡುಬಿನ ಜಾತಿ ವೈರಸ್ಸು. ಒಂದರಿಂದ ಒಂದಕ್ಕೆ ಅಂಟುತ್ತೆ, ಮನುಷ್ಯರಿಗೂ ಬರಬಹುದು. ಅವತ್ತೇ ಹೇಳಬಾರದಿತ್ತಾ?"

"ಯೋಳಿದ್ನಲ್ಲ ಸಾರ್, ಅಮ್ಮ ಆಗೈತೆ ಅಂತ."

ದೇವೀರಪ್ಪನವರಿಗೆ ನಗು ತಡೆಯಲಿಲ್ಲ. "ಏನ್ ಡಾಕ್ಟ್ರೇ, ಬಾಣಂತಿ ಅಂದ್ಕಂಡ್ರಾ?" ಶರತ್ ಮುಖ ಕಪ್ಪಿಟ್ಟದ್ದನ್ನು ಕಂಡು ಅವರ ನಗು ಅರ್ಧಕ್ಕೇ ನಿಂತು, ಸಿಟ್ಟು ಹನುಮಕ್ಕನ ಕಡೆ ತಿರುಗಿತು. "ಅವರು ಬಿಡು, ಹೊಸಬರು. ಸೀಕು ಅನ್ನಕ್ಕೆ ನಿನ್ ಬಾಯಿ ಬಿದ್ದೋಗಿತ್ತೇನೇ?"

"ಅಮ್ಮನ್ನ ಹಂಗೆ ಅನ್ನಬಾರ್ದು, ಯಜಮಾನ್ರೇ."

"ಅನ್ನಬೇಡ. ಮಣ್ಣು ಮಾಡ್ತಾ ಕೂತ್ಕೋ."

ಶರತ್ ಸೂಜಿಮದ್ದು ಕೊಟ್ಟ, ಹುಣ್ಣು ತೊಳೆದ. ಆದರೂ ಸಂಜೆಯ ಹೊತ್ತಿಗೆ ಕೆಂಪಿ ಸತ್ತಿತು. ಗುಂಡಿ ತೋಡಿ, ಸುಣ್ಣ ಸುರಿದರು. ಕೊನೆಗೊಂದು ಸಲ ಮುಟ್ಟುತ್ತೇನೆಂದು ಹನುಮಕ್ಕ ಅಂದರೆ ಶರತ್ ಬಿಡಲಿಲ್ಲ. ಕೋಲಿನಲ್ಲಿ ದೂಡಿ ಕೆಡವಿದರು. ಹನುಮಕ್ಕ ದಡದಲ್ಲಿ ನಿಂತು ನೋಡಿದಳು.

"ಮಗ ಮಗ ಅಂತಿದ್ಲು," ದೇವೀರಪ್ಪ ಡಾಕ್ಟರಿಗೆ ಕೇಳುವಷ್ಟೇ ಮೆಲ್ಲಗೆ ಅಂದರು, "ನೋಡಿ, ಕಣ್ಣಲ್ಲಿ ಒಂದು ಹನಿ ಇಲ್ಲ."

ಅವಳಿಗೂ ಕೇಳಿಸಿತು. ಅಮ್ಮ ಬಂದ ಕಡೆ ಸತ್ತವರಿಗಾಗಿ ಅಳುವಂತಿಲ್ಲ; ಅತ್ತರೆ ಮುನಿಯುತ್ತಾಳೆ, ಮುನಿದರೆ ಉಳಿದವರನ್ನೂ ಬಿಡುವುದಿಲ್ಲ. ಬೋನಿನಲ್ಲಿ ಇನ್ನೂ ಉಸಿರಾಡುವವು ಇದ್ದವು. ಆ ತಾಯಿಯ ಮೇಲೆ ಅವಳಿಗೆ ಭಕ್ತಿ ಉಳಿದಿರಲಿಲ್ಲ, ಹೆದರಿಕೆಯಷ್ಟೇ ಉಳಿದಿತ್ತು. ಹಲ್ಲು ಕಚ್ಚಿ ಹಿಡಿದು, ಸನಿಕೆ ಎತ್ತಿಕೊಂಡು ಮಣ್ಣು ಎಳೆಯತೊಡಗಿದಳು.