ಕಸ ಎಂಬ ಫೋಲ್ಡರು

ಡ್ರೈವನ್ನು ಎಲ್ಲ ಕಂಪ್ಯೂಟರಿಗೂ ಸಿಗುವ ಹಾಗೆ ಮಾಡಿಕೊಡು ಎಂದು ಮಗಳನ್ನು ಕೇಳಿದ್ದು ನಾನೇ. ಅಂಗೈಯಗಲದ ಆ ಕಪ್ಪು ಡಬ್ಬಿ ಮನೆಯ ಹಾಲ್‌ನಲ್ಲಿದ್ದ ಹಳೆಯ ಕಂಪ್ಯೂಟರಿಗೆ ಅಂಟಿಕೊಂಡೇ ಇರುತ್ತಿತ್ತು. ಅದರಲ್ಲಿ ನನ್ನ ಗಂಡನ ದನಿ ಇತ್ತು. ಹಾಲಿನಲ್ಲಿ ಕೂತು ಕೇಳಿದರೆ ಮಗಳ ಎದುರು ಅಳಬೇಕಾಗುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡು ನನ್ನ ಲ್ಯಾಪ್‌ಟಾಪಿನಲ್ಲಿ ಕೇಳೋಣ ಎಂದುಕೊಂಡೆ. ಅವಳಿಗೆ ಮಾತ್ರ ಹಳೆಯ ಫೋಟೊ ನೋಡಬೇಕು ಎಂದು ಸುಳ್ಳು ಹೇಳಿದೆ.

ಅವರು ಲಿಫ್ಟ್ ಮೆಕ್ಯಾನಿಕ್. ಕೈಯೆಲ್ಲ ಗ್ರೀಸ್ ಆಗಿರುತ್ತಿದ್ದರಿಂದ ಬರೆದುಕೊಳ್ಳುವ ಬದಲು ಫೋನಿಗೆ ಹೇಳಿಕೊಳ್ಳುವರು: ನಾಲ್ಕನೇ ಮಹಡಿಯ ಬಾಗಿಲು ಉಜ್ಜುತ್ತಿದೆ, ಮೋಟರು ಹೀಗೆ ಸದ್ದು ಮಾಡುತ್ತಿದೆ. ಕೊನೆಗೆ ನನಗೂ ಒಂದು ಮಾತು. ರಜದ ದಿನ ಎಲ್ಲವನ್ನೂ ಡ್ರೈವಿಗೆ ತುಂಬುವರು. "ಈ ಕಸ ಎಲ್ಲ ಯಾಕ್ರೀ ಕೂಡಿಡ್ತೀರಾ?" ಎಂದು ಒಮ್ಮೆ ಗೊಣಗಿದ್ದೆ.

"ಆಯ್ತು ಮೇಡಮ್ಮೋರೆ, ತಾವು ಇಟ್ಟ ಹೆಸರೇ ಇರಲಿ" ಎಂದು ಫೋಲ್ಡರಿಗೆ 'ಕಸ' ಎಂದೇ ಬರೆದರು. ಇಬ್ಬರೂ ನಕ್ಕಿದ್ದೆವು. ಒಂದು ಬೆಳಿಗ್ಗೆ ಎದೆ ಹಿಡಿದ ಹಾಗಿದೆ ಎಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಅದಾಗಿ ಹದಿನಾಲ್ಕು ತಿಂಗಳು.

ಮಗಳು ಹಾಲಿನಲ್ಲಿ ಕೂತು ಏನೇನೋ ಒತ್ತಿದಳು. "ಅಮ್ಮ, ಬೇರೆ ಕಂಪ್ಯೂಟರಿಂದ ಬರೀ ನೋಡಿದ್ರೆ ಸಾಕಾ, ಬದಲಾಯಿಸೋಕೂ ಆಗ್ಬೇಕಾ?"

"ಎಲ್ಲಾ ಕೊಟ್ಬಿಡು. ಇರೋರೇ ಇಬ್ಬರು, ನಮ್ಮನೇಲಿ ಯಾರು ಕಳ್ಳರು?"

"ಬಿಸ್ಕೆಟ್ ಡಬ್ಬಿ ವಿಷಯದಲ್ಲಿ ನಂಗೊಬ್ಬರ ಮೇಲೆ ಅನುಮಾನ ಇದೆ" ಎಂದು ನನ್ನನ್ನೇ ನೋಡಿದಳು. ಅವಳ ಲ್ಯಾಪ್‌ಟಾಪಿಗೂ ನನ್ನದಕ್ಕೂ ಡ್ರೈವ್ ಬಂತು.

ದಿನಕ್ಕೊಂದು ರೆಕಾರ್ಡಿಂಗಿನಂತೆ ಮೂರು ಕೇಳಿದೆ. ಇನ್ನೂ ಆರುನೂರು ಚಿಲ್ಲರೆ ಇದ್ದವು. ಒಂದೇ ಸಲ ಕೇಳಿಬಿಟ್ಟರೆ ಆಮೇಲೆ ಅವರ ಹೊಸ ಮಾತು ಅಂತ ಒಂದೂ ಉಳಿಯುವುದಿಲ್ಲವಲ್ಲ ಎಂದು ಜಿಪುಣತನ ಮಾಡಿದೆ.

ನಾಲ್ಕನೇ ದಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಿದ್ದಾಗ ಮಗಳ ಫೋನು ಬಂತು. "ಅಮ್ಮ, ಡ್ರೈವ್ ತುಂಬಿಹೋಗಿದೆ. ನನ್ನ ಪ್ರಾಜೆಕ್ಟ್ ವಿಡಿಯೊ ಹಾಕೋಕೆ ಜಾಗ ಇಲ್ಲ."

ಯಂತ್ರ ಬಿಸಿ ಬಟ್ಟೆಯನ್ನು ಹೊರಗೆ ಉಗುಳುತ್ತಿತ್ತು. "ಕಸ ತೆಗೆದುಹಾಕು ಪುಟ್ಟಿ. ಕೈ ಖಾಲಿ ಇಲ್ಲ, ಇಡ್ತೀನಿ" ಎಂದೆ.

ಸಂಜೆ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ತೆರೆದರೆ ಫೋಲ್ಡರ್ ಇಲ್ಲ. ಹಾಲಿಗೆ ಓಡಿ ಅಲ್ಲಿನ ಕಂಪ್ಯೂಟರಿನಲ್ಲಿ ಹುಡುಕಿದೆ. ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯೂ ಖಾಲಿ.

"ಏನು ಹುಡುಕ್ತಿದ್ದೀಯ?"

"ಕಸ ಅಂತ ಒಂದಿತ್ತಲ್ಲ."

"ನನ್ನ ಲ್ಯಾಪ್‌ಟಾಪಿಂದ ಅಳಿಸಿದ್ನಲ್ಲ. ನೀನೇ ಹೇಳಿದ್ದು." ಆಮೇಲೆ ನನ್ನ ಮುಖ ನೋಡಿದಳು. "ಅಮ್ಮ, ಅದ್ರಲ್ಲಿ ಏನಿತ್ತು?"

ಹೇಳಿದೆ.

ಮರುದಿನ ಇಬ್ಬರೂ ರಿಪೇರಿ ಅಂಗಡಿಗೆ ಹೋದೆವು. ಕನ್ನಡಕದ ಹೆಂಗಸು ಡ್ರೈವನ್ನು ತನ್ನ ಯಂತ್ರಕ್ಕೆ ಸಿಕ್ಕಿಸಿದಳು. "ಬೇರೆ ಕಂಪ್ಯೂಟರಿಂದ ಅಳಿಸಿದ್ದು ಬುಟ್ಟಿಗೆ ಬರಲ್ಲ ಅಕ್ಕ, ನೇರವಾಗಿ ಹೋಗ್ಬಿಡುತ್ತೆ. ಆಮೇಲೆ ಇದಕ್ಕೆ ಏನಾದ್ರೂ ಹಾಕಿದ್ರಾ?"

"ನನ್ನ ವಿಡಿಯೊ" ಎಂದಳು ಮಗಳು. ಆಮೇಲೆ ಸೇರಿಸಿದಳು, "ನಮ್ಮ ಗುಂಪಿನವರದೂ ಎಲ್ಲ."

ಆಕೆ ಮಧ್ಯಾಹ್ನದವರೆಗೂ ಹೆಣಗಿದಳು. ಹೆಸರುಗಳು ಸಿಕ್ಕವು, ಒಳಗೆ ದನಿ ಇರಲಿಲ್ಲ. ಒಂದರಲ್ಲಿ ಮಾತ್ರ ಹನ್ನೊಂದು ಸೆಕೆಂಡು ಮೋಟರಿನ ಗುಂಯ್ ಸದ್ದು. "ಇಷ್ಟೇ ಅಕ್ಕ. ಖಾಲಿಯಾದ ಜಾಗದಲ್ಲಿ ಬೇರೇದು ಬಂದು ಕೂತ್ಬಿಟ್ಟಿದೆ." ನನ್ನ ಗಂಡನ ಹಳೆಯ ಫೋನು ಉಳಿದಿದೆಯಾ ಎಂದು ಕೇಳಿದಳು. ಅದನ್ನು ಕೊಟ್ಟಿದ್ದ ಲಿಫ್ಟ್ ಕಂಪನಿಯವರೇ ವಾಪಸ್ ತೆಗೆದುಕೊಂಡಿದ್ದರು.

ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಕೂತಳು. ನಾನು ಅವಳನ್ನು ಬೈಯಲಿಲ್ಲ. ಬೈದರೆ ಯಾರನ್ನು ಬೈಯಲಿ.

"ನೀನು ಕೇಳಿದ ಮೂರರಲ್ಲಿ ನನ್ನ ವಿಷಯ ಏನಾದ್ರೂ ಇತ್ತಾ?"

"ಮೂರನೇದರಲ್ಲಿತ್ತು. ನಿಂಗೆ ಜ್ವರ ಬಂದಿತ್ತಲ್ಲ, ಆವಾಗಿಂದು. 'ಮಗಳಿಗೆ ಈಗ ಹೇಗಿದೆ' ಅಂದ್ರು."

"ಅಪ್ಪ ಹೇಳಿದ ಹಾಗೇ ಹೇಳು."

"ಮಗಳಿಗೆ ಈಗ ಹೇಗಿದೆ."

"ಹಾಗಲ್ಲಮ್ಮ. ಅಪ್ಪ ಕೊನೇಲಿ ಎಳೀತಿದ್ರು."

ಎಳೆದು ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಅಷ್ಟು ಎಳೀತಿರ್ಲಿಲ್ಲ." ಅವಳೇ ಗಂಟಲು ದಪ್ಪ ಮಾಡಿಕೊಂಡು ಹೇಳಿದಳು. ನಿಲ್ಲಿಸಿ, ಮತ್ತೊಮ್ಮೆ ಬೇರೆ ಥರ ಹೇಳಿದಳು. ನನ್ನ ಕಡೆ ತಿರುಗಿ ಕೇಳಿದಳು, "ಹೀಗೆ ಅಲ್ವಾ?"

ನನಗೆ ಗೊತ್ತಾಗಲಿಲ್ಲ. ಹೂಂ ಎಂದೆ.